ಬಿಗಿಯಾಗಿ ಕಟ್ಟು

ನನ್ನ ಅಣ್ಣನ ಕಾಲನ್ನು ತಿಂದದ್ದು ಹಾವಲ್ಲ, ಅತ್ತಿಗೆ ಕಟ್ಟಿದ ಗಂಟು ಎಂದು ಕಂಪನಿ ಹೇಳಿತು.

ಕಂಪನಿಯ ಪರವಾಗಿ ಹಾಗೆ ಹೇಳಿದವನು ಕೂಲಿಯಾಳುಗಳ ಮೇಸ್ತ್ರಿ. ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ ಹೇಳಿದ. ಅಣ್ಣ ಆಸ್ಪತ್ರೆಯಿಂದ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ್ದ. ಬಲಗಡೆ ಮೊಣಕಾಲಿನಿಂದ ಕೆಳಗೆ ಹೊದಿಕೆ ಚಪ್ಪಟೆಯಾಗಿತ್ತು. ಅತ್ತಿಗೆ ಮೂಲೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ.

"ನನ್ನ ಮಾತಲ್ಲಮ್ಮ ಇದು," ಎಂದ ಮೇಸ್ತ್ರಿ. "ದೊಡ್ಡಾಸ್ಪತ್ರೆ ಡಾಕ್ಟ್ರೇ ಅಂದಿದ್ದಾರಂತೆ, ಕಟ್ಟಿದ್ದಕ್ಕೇ ಕಾಲು ಹೋಯ್ತು ಅಂತ. ಕಂಪನಿ ತಪ್ಪಾಗಿದ್ರೆ ಕೋಣೆ ನಿಮಗೇ ಇರ್ತಿತ್ತು. ಇದು ನಿಮ್ಮ ಕೈಯಾರೆ ನೀವೇ ಮಾಡ್ಕೊಂಡಿದ್ದು. ಜೋಡಿ ಮುರೀತು. ಕೋಣೆ ಬಿಡಬೇಕಾಗುತ್ತೆ."

"ಜೋಡಿಗೆ ನಾನಿದ್ದೀನಲ್ಲ," ಅಂದೆ ನಾನು. "ಅಣ್ಣ ಮಲಗಿದಾಗಿಂದ ಅತ್ತಿಗೆ ಜೊತೆ ನಾನೇ ಕಡೀತಿದ್ದೀನಿ."

"ಎರಡು ಹೆಂಗಸರು ಸೇರಿದ್ರೆ ಜೋಡಿ ಆಗುತ್ತೇನೇ? ಕಾಲೇಜು ಓದಿದ್ದೀಯ, ಅಷ್ಟೂ ಗೊತ್ತಾಗಲ್ವಾ?"

ಅವನು ಹೋದ. ಅಣ್ಣ ತಿರುಗಲಿಲ್ಲ. ಅವನಿಗೆ ನಿದ್ದೆ ಬಂದಿಲ್ಲ ಎಂದು ನನಗೆ ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು. ಆಸ್ಪತ್ರೆಯಿಂದ ಬಂದಮೇಲೆ ಅವನು ನನ್ನ ಹತ್ತಿರ ನೀರು ಕೇಳುತ್ತಿದ್ದ, ಊರುಗೋಲು ಕೊಡು ಅನ್ನುತ್ತಿದ್ದ. ಅತ್ತಿಗೆಯ ಹತ್ತಿರ ಏನನ್ನೂ ಕೇಳಿರಲಿಲ್ಲ. ಅವಳು ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದ. ಗಾಯ ತೊಳೆದರೆ ತೊಳೆಸಿಕೊಳ್ಳುತ್ತಿದ್ದ. ಮಾತಿಲ್ಲ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ನಮ್ಮ ಕೋಣೆಗೆ ಒಂದೇ ಕಿಟಕಿ. ಆ ಮೌನ ಹೊರಗೆ ಹೋಗಲು ದಾರಿ ಇರಲಿಲ್ಲ.

ಈ ಕಬ್ಬಿನ ಹೊಲಗಳಲ್ಲಿ ಒಂಟಿ ಆಳಿಗೆ ಬೆಲೆಯಿಲ್ಲ. ಗಂಡ ಕಡಿಯಬೇಕು, ಹೆಂಡತಿ ಕಟ್ಟಬೇಕು. ಇಬ್ಬರೂ ಸೇರಿದರೆ ಒಂದು ಜೋಡಿ. ಲೈನಿನಲ್ಲಿ, ಎಂದರೆ ಕಂಪನಿ ಕಟ್ಟಿಸಿದ ಕೂಲಿಗಳ ಕೋಣೆಸಾಲಿನಲ್ಲಿ, ಕೋಣೆ ಕೊಡುವುದು ಜೋಡಿಗೆ, ಮನುಷ್ಯರಿಗಲ್ಲ. ಒಬ್ಬ ಸತ್ತರೆ, ಒಬ್ಬ ಕುಂಟನಾದರೆ, ಉಳಿದವರು ಗಂಟುಮೂಟೆ ಕಟ್ಟಬೇಕು. ಕಂಪನಿಯ ತಪ್ಪಿನಿಂದ ಆಯಿತು ಎಂದಾದರೆ ಮಾತ್ರ ಕೋಣೆ ಉಳಿಯುತ್ತದೆ. ಕಂಪನಿಯ ತಪ್ಪಿನಿಂದ ಏನಾದರೂ ಆದದ್ದನ್ನು ಲೈನಿನಲ್ಲಿ ಯಾರೂ ಕಂಡಿಲ್ಲ.

ಕಟ್ಟುವ ಕೆಲಸ ನೋಡಿದವರಿಗೆ ಹಗುರ. ಕಬ್ಬಿನ ಹಸಿ ಗರಿಯನ್ನು, ಸೋಗೆಯನ್ನು, ಅಂಗೈಯಲ್ಲಿ ಹೊಸೆದು ಹಗ್ಗ ಮಾಡಬೇಕು. ಸೋಗೆಯ ಅಂಚು ಗರಗಸ. ಹೆಂಗಸರ ಅಂಗೈ ಗೆರೆಗಳಲ್ಲಿ ಕಪ್ಪು ಕೂತು ಹಸ್ತರೇಖೆ ಯಾವುದು, ಗಾಯ ಯಾವುದು ಗೊತ್ತಾಗುವುದಿಲ್ಲ. ಕಬ್ಬನ್ನು ಅಪ್ಪಿ, ಮಂಡಿ ಊರಿ, ಎದೆಯ ಭಾರ ಹಾಕಿ ಬಿಗಿಯಬೇಕು. ಟ್ರಾಕ್ಟರಿನಲ್ಲಿ ಹೋಗುವಾಗ ಹೊರೆ ಬಿಚ್ಚಿಕೊಂಡರೆ ಆ ಹೊರೆ ಜೋಡಿಯ ಲೆಕ್ಕಕ್ಕೆ ಬರುವುದಿಲ್ಲ. ಅತ್ತಿಗೆಯ ಹೊರೆ ಒಮ್ಮೆಯೂ ಬಿಚ್ಚಿಕೊಂಡದ್ದಿಲ್ಲ. ಅವಳು ತುದಿಯನ್ನು ತಿರುಚಿ ಒಳಗೆ ಸಿಕ್ಕಿಸುತ್ತಾಳೆ. ಎಳೆದಷ್ಟೂ ಬಿಗಿಯುತ್ತದೆ. ಅಡಗಿದ ತುದಿ ಯಾವುದೆಂದು ಅವಳಿಗೇ ಗೊತ್ತು. "ಇವಳು ಕಟ್ಟಿದ್ದನ್ನ ಬಿಚ್ಚೋಕೆ ಯಮನೂ ಇವಳನ್ನೇ ಕರೀಬೇಕು," ಅನ್ನುತ್ತಿದ್ದಳು ಪಕ್ಕದ ಕೋಣೆಯ ಗೊಣಗಜ್ಜಿ. ಹೊಗಳಿದಳೋ ತೆಗಳಿದಳೋ, ಗೊಣಗಜ್ಜಿಯ ಮಾತಲ್ಲಿ ಅದು ಯಾವತ್ತೂ ಗೊತ್ತಾಗುವುದಿಲ್ಲ.

ಕಬ್ಬನ್ನು ಬುಡಕ್ಕೇ ಬಗ್ಗಿ ಕಡಿಯಬೇಕು. ಬುಡದಲ್ಲಿ ಒಣಸೋಗೆ, ಸೋಗೆಯೊಳಗೆ ಇಲಿ, ಇಲಿಯ ಹಿಂದೆ ಹಾವು. ಬೂಟು ಕೊಡಿ ಎಂದು ಪ್ರತಿ ಸುಗ್ಗಿಗೂ ಕೇಳಿದ್ದೆವು. "ಬೂಟು ಹಾಕ್ಕೊಂಡ್ರೆ ಕಾಲು ಭಾರ ಆಗುತ್ತೆ, ಕೆಲಸ ಮಲಗುತ್ತೆ," ಎಂದರು. ಬೂಟಿನ ಬದಲು ಗೋಡೆಯ ಮೇಲೆ ಬರೆಸಿದರು. ಕಬ್ಬಿನ ತೂಕದ ಅಂಗಳದ ಗೋಡೆಯ ಮೇಲೆ, ಕೆಂಪು ಬಣ್ಣದಲ್ಲಿ, ಕಾಲಿನ ಚಿತ್ರ, ಕಾಲಿಗೆ ಹಗ್ಗ. ಕಂಪನಿಯ ಹಳೇ ಡಾಕ್ಟರು ಹೇಳಿ ಬರೆಸಿದ್ದು. ಓದಲು ಬಾರದವರಿಗೆ ಮೇಸ್ತ್ರಿಯೇ ಬಾಯಿಪಾಠ ಮಾಡಿಸಿದ. ಬೆಳಿಗ್ಗೆ ಹಾಜರಿ ಹಾಕುವಾಗ ಕೂಗುತ್ತಿದ್ದ.

"ಹಾವು ಕಚ್ಚಿದರೆ?"

"ಕಟ್ಟು," ಅನ್ನಬೇಕು ನಾವು.

"ಹೇಗೆ?"

"ಬಿಗಿಯಾಗಿ."

"ಎಲ್ಲೀವರೆಗೆ?"

"ಆಸ್ಪತ್ರೆವರೆಗೆ."

ಕೂಗು ಸಣ್ಣದಾದರೆ ಇನ್ನೊಮ್ಮೆ ಕೂಗಿಸುತ್ತಿದ್ದ. ಅರ್ಧ ನಿದ್ದೆಯಲ್ಲಿ, ಮಚ್ಚು ಹೆಗಲ ಮೇಲಿಟ್ಟುಕೊಂಡು, ಮಂಜಿನಲ್ಲಿ ನಿಂತು ನಾವು ಕೂಗಿದ ಮಾತು ಅದು. ನನ್ನ ಡಿಗ್ರಿಯ ಪಾಠಗಳು ಮರೆತಿವೆ. ಇದು ಮರೆಯುವುದಿಲ್ಲ.

ಅಣ್ಣನಿಗೆ ಕಚ್ಚಿದ ದಿನ ನಾನು ಕೋಣೆಯಲ್ಲಿದ್ದೆ. ಆಫೀಸಿನಲ್ಲಿ ಗುಮಾಸ್ತೆ ಕೆಲಸ ಕೇಳಲು ಹೋಗಿ ಬಂದು ಕೂತಿದ್ದೆ. ಲೈನಿನವರನ್ನೆಲ್ಲ ಆಫೀಸಿಗೆ ತಗೊಂಡರೆ ಹೊಲಕ್ಕೆ ಯಾರಮ್ಮ ಹೋಗುವವರು ಎಂದು ಮ್ಯಾನೇಜರ್ ನಗುತ್ತಲೇ ಹೇಳಿ ಕಳಿಸಿದ್ದರು. ಯಾರೋ ಓಡಿಬಂದು ಹೇಳಿದರು. ನಾನು ಹೊಲದ ದಾರಿ ಹಿಡಿದಾಗ ಅವರು ಎದುರಿಗೇ ಬರುತ್ತಿದ್ದರು. ಅಣ್ಣ ನಡೆಯುತ್ತಿದ್ದ. ಅತ್ತಿಗೆ ಅವನ ಕಂಕುಳಿಗೆ ಹೆಗಲು ಕೊಟ್ಟಿದ್ದಳು. ಮೊಣಕಾಲಿನ ಕೆಳಗೆ ಹಸಿರು ಸೋಗೆಯ ಗಂಟು. ಅದರ ಕೆಳಗೆ ಕಾಲು ಆಗಲೇ ಇನ್ಯಾರದೋ ಕಾಲಿನ ಹಾಗೆ ಊದಿತ್ತು.

ಹೊಲದ ಅಂಚಿನಲ್ಲಿ ಟ್ರಾಕ್ಟರ್ ನಿಂತಿತ್ತು. ಟ್ರೇಲರ್ ತುಂಬ ಕಬ್ಬು. ಅರ್ಧ ಹೊರೆ ಇಳಿಸಿದ್ದರೆ ಅಣ್ಣ ಮಲಗಲು ಜಾಗವಾಗುತ್ತಿತ್ತು. ಮೇಸ್ತ್ರಿ ಮ್ಯಾನೇಜರಿಗೆ ಫೋನ್ ಮಾಡಿ ಕೇಳಿದನಂತೆ. ಕಾರ್ಖಾನೆಯಲ್ಲಿ ಕಬ್ಬಿಗೆ ಕಾಯುತ್ತಿದ್ದಾರೆ, ಇಳಿಸಬೇಡ, ರಸ್ತೆವರೆಗೆ ನಡೆಸಿಕೊಂಡು ಬಾ, ಜೀಪ್ ಕಳಿಸುತ್ತೇನೆ ಎಂದರಂತೆ. "ನಡಿಯಪ್ಪ, ನಡಿ," ಎನ್ನುತ್ತ ಮೇಸ್ತ್ರಿ ಹಿಂದೆ ಬರುತ್ತಿದ್ದ. "ಗಂಡಸಲ್ವಾ ನೀನು. ರಸ್ತೆವರೆಗೆ ನಡಿ."

ನಡೆದೆವು. ಟ್ರಾಕ್ಟರ್ ನಮ್ಮನ್ನು ದಾಟಿ ಮುಂದೆ ಹೋಯಿತು. ಅದರ ಧೂಳಿನಲ್ಲಿ ಅಣ್ಣ ವಾಂತಿ ಮಾಡಿದ. ರಸ್ತೆಯ ಬದಿಯಲ್ಲಿ ಕೂತೆವು. ಜೀಪ್ ಬರಲಿಲ್ಲ. ನೆರಳು ಮರದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಕೊನೆಗೆ ಬಂದದ್ದು ಬಸ್ಸು. ಅದರ ನೆಲದ ಮೇಲೆ ಮಲಗಿಸಿಕೊಂಡು ಹೋದೆವು. ಕಂಡಕ್ಟರ್ ಬೇರೆಯವರ ಕಾಲು ತಗಲದ ಹಾಗೆ ಮೂಟೆಗಳನ್ನು ಅಡ್ಡ ಇಟ್ಟ. ಆ ದಿನ ನಮಗೆ ಸಿಕ್ಕ ಮರ್ಯಾದೆ ಅದೊಂದೇ.

ದೊಡ್ಡಾಸ್ಪತ್ರೆಯ ಡಾಕ್ಟರು ಕಾಲು ನೋಡಿ ಮುಖ ಕಿವುಚಿದರು. "ಇದನ್ನ ಯಾರು ಕಟ್ಟಿದ್ದು?"

"ನಾನು," ಎಂದಳು ಅತ್ತಿಗೆ. ಬಾಯಿಪಾಠ ಸರಿಯಾಗಿ ಒಪ್ಪಿಸಿದ ಮಗುವಿನ ಹಾಗೆ ಹೇಳಿದಳು.

"ಕಾಲು ತೆಗೆಸೋಕೇ ಕಟ್ಟಿದ ಹಾಗಿದೆಯಲ್ಲಮ್ಮ."

ಅಷ್ಟು ಅಂದು ಅವರು ಒಳಗೆ ಹೋದರು. ಅದೊಂದು ಮಾತು ನಮಗಿಂತ ಮೊದಲು ಲೈನಿಗೆ ಬಂದು ಮುಟ್ಟಿತ್ತು. ನಾವು ಊರುಗೋಲು ಹಿಡಿದು ಹಿಂದಿರುಗಿದಾಗ ತೂಕದ ಅಂಗಳದ ಗೋಡೆಗೆ ಸುಣ್ಣ ಬಳಿದಿದ್ದರು. ಕೆಂಪು ಕಾಲು ಇರಲಿಲ್ಲ. ಹಾಜರಿಯಲ್ಲಿ ಮೇಸ್ತ್ರಿ ಏನನ್ನೂ ಕೂಗಿಸಲಿಲ್ಲ. ಕೂಗಿ ಕೂಗಿ ಅಭ್ಯಾಸವಾದ ಬಾಯಿಗಳು ಸುಮ್ಮನೆ ನಿಂತಿದ್ದವು. ಏನೋ ಬರಲಿದೆ ಎಂದು ನನಗೆ ಆವತ್ತೇ ಅನಿಸಿತು. ಗೋಡೆ ಬೆಳ್ಳಗಾದಾಗ ಯಾರದೋ ಮುಖಕ್ಕೆ ಮಸಿ ಬೀಳುತ್ತದೆ.

ಮೇಸ್ತ್ರಿ ನಮ್ಮ ಬಾಗಿಲಿಗೆ ಬಂದು ಹೋದಮೇಲೆ ತರಬೇತಿ ಎಂದರು. ಕಂಪನಿಗೆ ಹೊಸ ಡಾಕ್ಟರಮ್ಮ ಬಂದಿದ್ದಾರೆ, ಹಾವು ಕಚ್ಚಿದರೆ ಏನು ಮಾಡಬೇಕೆಂದು ತಿಳಿಸುತ್ತಾರೆ, ರಜೆಯ ದಿನ ಬೆಳಿಗ್ಗೆ ಎಲ್ಲ ಹೆಂಗಸರೂ ಆಫೀಸಿನ ದೊಡ್ಡ ಕೋಣೆಗೆ ಬರಬೇಕು. ಆಮೇಲೆ ಸೌದೆಗೆ ಹೋಗುವವರು ಮಚ್ಚುಗಳನ್ನು ಹೊರಗೆ ಕಾವಲುಗಾರನ ಹತ್ತಿರ ಬಿಡಬೇಕು. ಮೇಸ್ತ್ರಿ ಅತ್ತಿಗೆಗೆ ಮಾತ್ರ ಬೇರೆಯಾಗಿ ಹೇಳಿದ, "ನೀನು ಒಂದು ಹಿಡಿ ಹಸಿ ಸೋಗೆ ತಗೊಂಡು ಬಾ."

"ಯಾಕೆ?"

"ತಗೊಂಡು ಬಾ ಅಂದ್ರೆ ತಗೊಂಡು ಬಾ."

ಮ್ಯಾನೇಜರ್, ಮೇಸ್ತ್ರಿ, ಡಾಕ್ಟರಮ್ಮ, ಈ ಮೂವರಿಗೆ ಕುರ್ಚಿ. ನಮಗೆ ನೆಲ. ಫ್ಯಾನು ಅವರ ತಲೆಯ ಮೇಲೆ ಮಾತ್ರ ತಿರುಗುತ್ತಿತ್ತು. ಡಾಕ್ಟರಮ್ಮ ಚಿಕ್ಕವಳು, ನನಗಿಂತ ಸ್ವಲ್ಪ ದೊಡ್ಡವಳಿರಬಹುದು. ತೊಡೆಯ ಮೇಲೆ ಒಂದು ಚೀಲ. ಕುರ್ಚಿಯಿಂದ ಎದ್ದು ನಮ್ಮ ಹತ್ತಿರ ಬಂದು ನಿಂತು ಮಾತಾಡಿದಳು.

"ಕಟ್ಟಬೇಡಿ. ಕೊಯ್ಯಬೇಡಿ. ಬಾಯಿಂದ ಹೀರಬೇಡಿ. ಕಚ್ಚಿಸ್ಕೊಂಡವರನ್ನ ನಡೆಸಬೇಡಿ. ಆ ಕೈಯೋ ಕಾಲೋ ಅಲುಗಾಡದ ಹಾಗೆ ಒಂದು ಹಲಗೆ ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ. ಎತ್ಕೊಂಡು ಗಾಡಿಗೆ ಹಾಕಿ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಅಷ್ಟೇ."

"ಅಲ್ಲಮ್ಮ," ಎಂದಳು ಗೊಣಗಜ್ಜಿ. ಅವಳಿಗೆ ಯಾವ ಸಭೆಯೂ ದೊಡ್ಡದಲ್ಲ. "ನಾನು ಮದುವೆಯಾಗಿ ಬಂದಾಗ ಇದ್ದ ಡಾಕ್ಟ್ರು ಕೊಯ್ದು ಹಿಂಡು ಅಂದ್ರು. ಆಮೇಲೆ ಬಂದವ್ರು ಬಿಗಿದು ಕಟ್ಟು ಅಂದ್ರು. ನೀವು ಕಟ್ಟಲೇಬೇಡ ಅಂತೀರಿ. ನಾಳೆ ಬರೋರು ಇನ್ನೇನಂತಾರೋ. ಒಂದ್ಸಲ ಹಾವನ್ನೇ ಕೇಳಿಬಿಡಬಾರ್ದಾ?"

ಹೆಂಗಸರು ನಕ್ಕರು. ಡಾಕ್ಟರಮ್ಮನೂ ನಕ್ಕಳು. "ಅವರೇನು ಬೇಕಂತ ಸುಳ್ಳು ಹೇಳಿಲ್ಲ ಅಜ್ಜಿ. ಆಗ ಹಾಗೇ ತಿಳ್ಕೊಂಡಿದ್ರು. ಈಗಲೂ ಎಲ್ಲ ಕಡೆ ಒಂದೇ ಮಾತಿಲ್ಲ. ಕೆಲವು ಹಾವಿನ ವಿಷ ನರಕ್ಕೆ ಏರುತ್ತೆ. ಅಂಥ ಹಾವಿರೋ ಕಡೆ ಪಾದದಿಂದ ತೊಡೆವರೆಗೆ ಇಡೀ ಕಾಲಿಗೆ ಹಿಗ್ಗೋ ಪಟ್ಟಿ ಸುತ್ತಿ ಅಂತಾರೆ. ಅಲ್ಲಿಗೆ ಅದು ಸರಿ. ನಿಮ್ಮ ಹೊಲದಲ್ಲಿ ಜಾಸ್ತಿ ಕಚ್ಚೋದು ಮಾಂಸ ಕೊಳೆಸೋ ಹಾವು. ಬಿಗಿದ್ರೆ ವಿಷ ಅಲ್ಲೇ ನಿಂತು ಇನ್ನೂ ಕೊಳೆಸುತ್ತೆ."

"ಅಂದ್ರೆ ಕಚ್ಚೋಕೆ ಮುಂಚೆ ಹಾವಿನ ಹೆಸರು, ಕುಲಗೋತ್ರ ಎಲ್ಲ ಕೇಳ್ಕೋಬೇಕು."

"ಬೇಡ ಅಜ್ಜಿ. ಯಾವ ಹಾವಾದ್ರೂ ಸರಿ, ಬೇಗ ಆಸ್ಪತ್ರೆಗೆ ಬನ್ನಿ. ನಡೀದೆ ಬನ್ನಿ."

"ಯಾತರಲ್ಲಿ ಬರೋದಮ್ಮ?"

ಡಾಕ್ಟರಮ್ಮ ಮ್ಯಾನೇಜರ್ ಕಡೆ ನೋಡಿದಳು. ಮ್ಯಾನೇಜರ್ ಫೋನ್ ನೋಡುತ್ತಿದ್ದರು. ಸಭೆ ಅಲ್ಲೇ ಮುಗಿಯಬಹುದಿತ್ತು.

ಮ್ಯಾನೇಜರ್ ತಲೆ ಎತ್ತಿದರು. "ಪ್ರಶ್ನೆ ಎಲ್ಲ ಆಮೇಲೆ. ಬರೀ ಮಾತಲ್ಲಿ ಹೇಳಿದ್ರೆ ಇವರ ತಲೆಗೆ ಹೋಗಲ್ಲ ಡಾಕ್ಟ್ರೇ. ನಮ್ಮಲ್ಲೇ ಒಂದು ಉದಾಹರಣೆ ಇದೆ." ಅತ್ತಿಗೆಯತ್ತ ಬೆರಳು ತೋರಿಸಿದರು. "ಏಳಮ್ಮ. ಮುಂದೆ ಬಾ. ಎಲ್ಲರೂ ನೋಡ್ರಿ. ಗಂಡನ ಕಾಲು ತೆಗೆದದ್ದು ಇದೇ ಕೈ. ಹೇಗೆ ಕಟ್ಟಿದೆ ಅಂತ ತೋರ್ಸು. ಹೀಗೆ ಕಟ್ಟಬಾರದು ಅಂತ ಇವರಿಗೆ ಗೊತ್ತಾಗಲಿ."

ಅತ್ತಿಗೆ ಎದ್ದಳು. ಸೋಗೆ ಅವಳ ಕೈಯಲ್ಲಿತ್ತು. ನಾನು ಅವಳ ಸೆರಗು ಹಿಡಿದೆ. ಬಿಡಿಸಿಕೊಂಡಳು.

"ಯಾರ ಕಾಲಿಗೆ?" ಎಂದು ಕೇಳಿದಳು.

"ನನ್ನದೇ ತಗೊಳ್ಳಮ್ಮ," ಎಂದ ಮೇಸ್ತ್ರಿ. ಪ್ಯಾಂಟ್ ಮೇಲೆ ಮಡಚಿ ಕಾಲನ್ನು ಕುರ್ಚಿಯ ಮೇಲಿಟ್ಟ. ಅವನೂ ಒಂದು ಕಾಲಕ್ಕೆ ಲೈನಿನವನೇ. ಆ ಕಾಲಿನಲ್ಲೂ ಸೋಗೆ ಕೊಯ್ದ ಹಳೆಯ ಗೀರುಗಳಿದ್ದವು. "ಮೆಲ್ಲಗೆ ಕಟ್ಟು. ಮನೇಲಿ ನಂಗೂ ಒಬ್ಬಳಿದ್ದಾಳೆ."

"ಮೆಲ್ಲಗೆ ಬೇಡ," ಎಂದರು ಮ್ಯಾನೇಜರ್, ವಿಡಿಯೊ ತೆಗೆಯಲು ಫೋನನ್ನು ಅವಳತ್ತ ಹಿಡಿದು. "ಅವತ್ತು ಹೇಗೆ ಕಟ್ಟಿದೆಯೋ ಹಾಗೇ. ಸರಿಯಾಗಿ ಕಾಣ್ಬೇಕು."

ಅತ್ತಿಗೆ ನೆಲದ ಮೇಲೆ ಕೂತು ಸೋಗೆ ಹೊಸೆದಳು. ನಿಧಾನವಾಗಿ, ಒಂದೇ ಹದದಲ್ಲಿ. ಹೊಲದಲ್ಲಿ ಅಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಮೊಣಕಾಲಿನ ಕೆಳಗೆ ಸುತ್ತು ಹಾಕಿದಳು. ಮಂಡಿ ಊರಿದಳು. ಎದೆಯ ಭಾರ ಹಾಕಿ ಬಿಗಿದಳು. ತುದಿ ತಿರುಚಿದಳು, ಸಿಕ್ಕಿಸಿದಳು. ಮೇಸ್ತ್ರಿಯ ನಗು ಮುಖದ ಮೇಲೆ ಇದ್ದ ಹಾಗೇ ಗಟ್ಟಿಯಾಯಿತು.

"ನೋಡಿ," ಎಂದಳು ಡಾಕ್ಟರಮ್ಮ, ಬಗ್ಗಿ. "ಕೆಳಗೆ ಬಣ್ಣ ಬದಲಾಗ್ತಿದೆ. ರಕ್ತ ಓಡ್ತಿಲ್ಲ. ಸರಿ, ಸಾಕು, ಬಿಚ್ಚಮ್ಮ."

ಅತ್ತಿಗೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

"ಬಿಚ್ಚು ಅಂದ್ರಲ್ಲ," ಎಂದ ಮೇಸ್ತ್ರಿ.

"ಬಿಚ್ಚೋದು ನಮಗೆ ಹೇಳಿಕೊಟ್ಟಿಲ್ಲ."

"ಏನಂದೆ?"

"ಎಲ್ಲೀವರೆಗೆ ಅಂತ ನೀವು ಕೇಳ್ತಿದ್ರಿ. ಆಸ್ಪತ್ರೆವರೆಗೆ ಅಂತ ನಾವು ಹೇಳ್ತಿದ್ವಿ. ನಡೀರಿ ಮೇಸ್ತ್ರಿ. ರಸ್ತೆವರೆಗೆ ನಡೀರಿ. ಜೀಪ್ ಬರುತ್ತೆ."

ಯಾರೋ ಒಬ್ಬಳು ಕಿಸಕ್ಕೆಂದು ನಕ್ಕಳು, ತಕ್ಷಣ ಬಾಯಿ ಮುಚ್ಚಿಕೊಂಡಳು. ಇದು ತಮಾಷೆಯಲ್ಲ ಎಂದು ಕೋಣೆಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಮೇಸ್ತ್ರಿ ಬಗ್ಗಿ ಗಂಟನ್ನು ಎಳೆದ. ಅದು ಇನ್ನಷ್ಟು ಕಚ್ಚಿಕೊಂಡಿತು. ಇನ್ನೊಂದು ಕಡೆಯಿಂದ ಎಳೆದ. ಉಗುರು ಮುರಿಯಿತು.

"ಕಾವಲುಗಾರನ್ನ ಕರೀರಿ," ಎಂದರು ಮ್ಯಾನೇಜರ್. "ಒಂದು ಮಚ್ಚು ತರಲಿ."

ಬಾಗಿಲ ಹತ್ತಿರ ಕೂತಿದ್ದ ಹೆಂಗಸರು ಏಳಲಿಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ. ಕೂತಲ್ಲೇ ಒತ್ತೊತ್ತಾಗಿ ಸರಿದರು, ಅಷ್ಟೇ. ಕಾವಲುಗಾರ ಹೊರಗೆ ನಿಂತು ಅವರ ತಲೆಗಳ ಮೇಲಿಂದ ಒಳಗೆ ನೋಡಿದ. ದಾಟಿಕೊಂಡು ಬರಬೇಕಾದರೆ ಅವರನ್ನು ತುಳಿಯಬೇಕಿತ್ತು. ಅವರಲ್ಲಿ ಒಬ್ಬಳು ಅವನ ಅಕ್ಕ. ಅವನು ಬರಲಿಲ್ಲ.

"ನಿಮ್ಮ ಚೀಲದಲ್ಲಿ ಕತ್ತರಿ ಇರ್ಬೇಕಲ್ಲ ಡಾಕ್ಟ್ರೇ."

ಡಾಕ್ಟರಮ್ಮ ಚೀಲದ ಮೇಲೆ ಕೈ ಇಟ್ಟಳು. ಅತ್ತಿಗೆ ಅವಳತ್ತ ತಿರುಗಿದಳು.

"ಡಾಕ್ಟರಮ್ಮ, ನೀವು ಓದಿದವರು. ನನ್ನ ಗಂಡನ ಕಾಲು ಹೋಗಿದ್ದು ನನ್ನ ಗಂಟಿಂದಾನಾ? ಹೇಳಿಬಿಡಿ. ಹೌದು ಅಂದ್ರೆ ಈಗಲೇ ಬಿಚ್ತೀನಿ. ಕೋಣೆನೂ ಬಿಟ್ಟು ಹೋಗ್ತೀನಿ."

ಡಾಕ್ಟರಮ್ಮ ಮೇಸ್ತ್ರಿಯ ಕಾಲನ್ನು ನೋಡಿದಳು, ಅತ್ತಿಗೆಯ ಕೈಗಳನ್ನು ನೋಡಿದಳು. ಹೆದರಿದ್ದಾಳೆ ಎಂದುಕೊಂಡೆ. ಅಲ್ಲ, ಅವಳು ನಿಜ ಯಾವುದೆಂದು ಹುಡುಕುತ್ತಿದ್ದಳು.

"ನಂಗೆ ಗೊತ್ತಿಲ್ಲ," ಎಂದಳು. "ಆ ವಿಷಾನೇ ಕಾಲು ತಿನ್ನುತ್ತೆ. ಗಂಟು ಇನ್ನೂ ಕೆಡಿಸಿರಬಹುದು. ನಡೆಸಿದ್ದು ಕೆಡಿಸಿದೆ. ತಡ ಆಗಿದ್ದು ಕೆಡಿಸಿದೆ. ಇದೊಂದರಿಂದಲೇ ಅಂತ ಯಾರಿಗೂ ಹೇಳೋಕಾಗಲ್ಲ."

"ಯಾರಿಗೂ?"

"ಯಾರಿಗೂ."

ಚೀಲ ತೆರೆಯಲಿಲ್ಲ. ಕೈಗಡಿಯಾರ ನೋಡಿಕೊಂಡು ಕುರ್ಚಿಯಲ್ಲಿ ಕೂತಳು. "ಇನ್ನೂ ಸ್ವಲ್ಪ ಹೊತ್ತು ಆ ಕಾಲಿಗೇನೂ ಆಗಲ್ಲ," ಎಂದಳು. ಯಾರಿಗೆ ಹೇಳಿದಳೋ.

ಮ್ಯಾನೇಜರ್ ಫೋನ್ ಕಿವಿಗಿಟ್ಟುಕೊಂಡು ಕಿಟಕಿಯ ಹತ್ತಿರ ಹೋದರು. ಮೇಸ್ತ್ರಿ ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಹಾಕಿದ. ಆ ಕಾಲನ್ನು ನೆಲದ ಮೇಲೆ ಎಲ್ಲಿಟ್ಟನೆಂದು ಅವನಿಗೇ ತಿಳಿಯುತ್ತಿರಲಿಲ್ಲ. ಮತ್ತೆ ಕೂತ. ಹಣೆಯಲ್ಲಿ ಬೆವರು. ಪಾದ ನೀಲಿಯಾಗುತ್ತಿತ್ತು. ನಾವು ಅದನ್ನೇ ನೋಡುತ್ತಿದ್ದೆವು. ಯಾರಿಗೂ ಖುಷಿಯಾಗಲಿಲ್ಲ. ನಮ್ಮಲ್ಲಿ ಯಾವ ಹೆಂಗಸಿಗೂ ಊದಿದ ಕಾಲು ಹೊಸದಲ್ಲ.

ಆಗ ಗೊಣಗಜ್ಜಿ ಮೆತ್ತಗೆ, ಹಾಜರಿಯ ದನಿಯಲ್ಲಿ ಕೇಳಿದಳು. "ಹಾವು ಕಚ್ಚಿದರೆ?"

"ಕಟ್ಟು," ಎಂದಿತು ಕೋಣೆ. ನಾನೂ ಅಂದೆ. ಬಾಯಿ ತಾನಾಗಿ ತೆರೆಯಿತು.

"ಹೇಗೆ?"

"ಬಿಗಿಯಾಗಿ."

ಯಾರೂ ಕೂಗಲಿಲ್ಲ. ಎಲ್ಲರೂ ಸಣ್ಣ ದನಿಯಲ್ಲೇ ಹೇಳಿದರು. ಇಷ್ಟು ದಿನ ಮೇಸ್ತ್ರಿ ಗಟ್ಟಿಯಾಗಿ ಹೇಳಿ ಎಂದು ಗದರಿಸುತ್ತಿದ್ದ ಮಾತು, ಮೆಲ್ಲಗೆ ಹೇಳಿದಾಗ ಬೇರೆಯೇ ಆಗಿ ಕೇಳಿಸಿತು. ಮತ್ತೆ ಕೇಳಿದಳು, ಮತ್ತೆ ಹೇಳಿದೆವು. ಮ್ಯಾನೇಜರ್ ಫೋನ್ ಕೆಳಗಿಳಿಸಿದರು.

"ನಿಮಗೇನು ಬೇಕು?" ಎಂದು ಮೇಸ್ತ್ರಿ ಅತ್ತಿಗೆಯನ್ನು ಕೇಳಿದ. ಮೊದಲ ಸಲ ಅವಳೊಬ್ಬಳಿಗೇ ನಿಮಗೆ ಎಂದಿದ್ದ.

"ಯಾರು ಕಲಿಸಿದ್ದು ಅಂತ ಹೇಳಿ. ಯಾರು ನಡೆಸಿದ್ದು ಅಂತ ಹೇಳಿ. ಇವರೆಲ್ಲರ ಮುಂದೆ."

"ಹೇಳಬೇಡ," ಎಂದರು ಮ್ಯಾನೇಜರ್.

ಡಾಕ್ಟರಮ್ಮ ಇನ್ನೊಮ್ಮೆ ಗಡಿಯಾರ ನೋಡಿದಳು. "ಮೇಸ್ತ್ರಿಗಳೇ," ಎಂದಳು, "ಇನ್ನು ತಡ ಮಾಡಬೇಡಿ."

ಮೇಸ್ತ್ರಿ ತನ್ನ ಪಾದವನ್ನು ನೋಡಿದ. ಬೆರಳಿನಿಂದ ಒತ್ತಿದ. ಒತ್ತಿದ್ದು ಗೊತ್ತಾಗಲಿಲ್ಲ ಅನಿಸುತ್ತದೆ. ಆಗ ಅವನ ಮುಖದಲ್ಲಿ ಲೈನಿನ ಮುಖವೇ ಕಂಡಿತು.

"ನಾನೇ ಕಲಿಸಿದ್ದು," ಎಂದ. "ಕಟ್ಟು ಅಂತ ದಿನಾ ಕೂಗಿಸಿದ್ದು ನಾನೇ. ಬರೆಸಿದ್ದು ಕಂಪನಿ. ಗೋಡೆಗೆ ಸುಣ್ಣ ಹೊಡೀ ಅಂದಿದ್ದು ಈ ಮ್ಯಾನೇಜರ್ರು. ಟ್ರಾಕ್ಟರಿಂದ ಕಬ್ಬು ಇಳಿಸಬೇಡ ಅಂದಿದ್ದೂ ಇವರೇ. ಜೀಪ್ ಇಲ್ಲೇ ಅಂಗಳದಲ್ಲಿತ್ತು. ಸಾಕಾ?"

ಅತ್ತಿಗೆ ಬಗ್ಗಿ ಒಂದು ಬೆರಳನ್ನು ಸೋಗೆಯ ಕೆಳಗೆ ತೂರಿಸಿದಳು. ಗಂಟು ಕಳಚಿ ನೆಲಕ್ಕೆ ಬಿತ್ತು. ಮೇಸ್ತ್ರಿ ಹಲ್ಲು ಕಚ್ಚಿ ನರಳಿದ. ರಕ್ತ ಹಿಂದಿರುಗುವಾಗ ಬೆಂಕಿಯ ಹಾಗೆ ಇರುತ್ತದಂತೆ. ಡಾಕ್ಟರಮ್ಮ ಅವನ ಪಾದವನ್ನು ಕೈಯಲ್ಲಿ ಹಿಡಿದು ನೋಡಿದಳು. ಬಣ್ಣ ಬರುತ್ತಿದೆ ಎಂದಳು.

"ಹೆದರಿಸಿ ಬಾಯಿ ಬಿಡಿಸಿದ ಮಾತಿಗೆ ಕವಡೆ ಬೆಲೆ ಇಲ್ಲ," ಎಂದರು ಮ್ಯಾನೇಜರ್. ಅವರ ದನಿ ಏರಲಿಲ್ಲ. ಅದಕ್ಕೇ ನನಗೆ ಭಯವಾದದ್ದು. "ಮೇಸ್ತ್ರಿ, ನಾಳೆಯಿಂದ ನೀನು ಬರಬೇಡ. ಈಯಮ್ಮ ಮಾಡಿದ್ದೆಲ್ಲ ನನ್ನ ಫೋನಲ್ಲಿದೆ. ಅದನ್ನ ಎಲ್ಲಿಗೆ ಕಳಿಸ್ಬೇಕೋ ಅಲ್ಲಿಗೆ ಕಳಿಸ್ತೀನಿ. ಕೋಣೆಗೆ ಇವತ್ತು ಸಂಜೆ ಬೀಗ ಬೀಳುತ್ತೆ."

"ಗಂಟಿಂದಲೇ ಕಾಲು ಹೋಯ್ತು ಅಂತ ನಾನು ಎಲ್ಲೂ ಹೇಳಲ್ಲ," ಎಂದಳು ಡಾಕ್ಟರಮ್ಮ.

"ನಿಮ್ಮನ್ನ ಕೇಳೋರು ಯಾರು?"

ಬಾಗಿಲಲ್ಲಿದ್ದ ಹೆಂಗಸರು ದಾರಿ ಬಿಟ್ಟರು. ಹೊರಗೆ ಬಂದು ತಂತಮ್ಮ ಮಚ್ಚು ಹುಡುಕಿಕೊಂಡರು. ನಮ್ಮ ಜೊತೆ ಯಾರೂ ನಡೆದು ಬರಲಿಲ್ಲ. ಒಬ್ಬೊಬ್ಬರಾಗಿ ಬೇರೆ ಬೇರೆ ದಾರಿಯಲ್ಲಿ ಕರಗಿದರು. ಗೊಣಗಜ್ಜಿ ಕೂಡ ಏನೂ ಗೊಣಗದೆ ಹೋದಳು. ಎಲ್ಲರಿಗೂ ಕೋಣೆಯಿದೆ, ಕೋಣೆಯಲ್ಲಿ ಮಕ್ಕಳಿದ್ದಾರೆ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ಆ ಏರದ ದನಿಗೆ ಮೀಸಲಾಗಿತ್ತು. ಲೈನಿನ ಓಣಿಯಲ್ಲಿ ನಾವಿಬ್ಬರೇ. ಅತ್ತಿಗೆಯ ಕೈ ಹಿಡಿದುಕೊಂಡೆ. ಅಂಗೈ ತಣ್ಣಗಿತ್ತು.

ಸುದ್ದಿ ನಮಗಿಂತ ಮುಂಚೆ ಕೋಣೆ ಸೇರಿತ್ತು. ಅಣ್ಣ ಗೋಡೆ ಕಡೆ ತಿರುಗಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದ. ನಮ್ಮನ್ನು ನೋಡಿದ. ಅವಳನ್ನು ನೋಡಿದ.

"ಅವನ ಕಾಲು ನೀಲಿಯಾಯ್ತಾ?"

ಅತ್ತಿಗೆ ಬಾಗಿಲಲ್ಲೇ ನಿಂತಳು. "ಆಯ್ತು."

"ಎಷ್ಟು ಹೊತ್ತು ಬಿಟ್ಟೆ?"

"ಅವನು ಬಾಯಿ ಬಿಡೋವರೆಗೆ."

ಅಣ್ಣ ತಲೆಯಾಡಿಸಿದ. ಇನ್ನೇನೋ ಹೇಳಲು ಹೊರಟು ಬಾಯಿ ಒಣಗಿತು. ಅವಳು ನೀರು ಕೊಟ್ಟಳು. ಲೋಟವನ್ನು ಅವಳ ಕೈಯಿಂದಲೇ ತೆಗೆದುಕೊಂಡ.

"ಕಟ್ಟದೆ ಇದ್ದಿದ್ರೆ ನಾನೇ ಬೈತಿದ್ದೆ ನಿನ್ನ," ಎಂದ. "ಕಟ್ಟೇ, ಯಾಕೆ ನೋಡ್ತಾ ನಿಂತಿದ್ದೀಯ ಅಂತ ಅವತ್ತು ಕಿರುಚಿದವನು ನಾನು. ಅದನ್ನ ಯಾರಿಗೂ ಯಾಕೆ ಹೇಳಲಿಲ್ಲ ನೀನು?"

ಅವಳು ಅವನ ಪಕ್ಕದಲ್ಲಿ ಕೂತಳು. ನಾನು ಕಿಟಕಿಯ ಹೊರಗೆ ನೋಡಿದೆ. ಅಂಥ ಹೊತ್ತಿನಲ್ಲಿ ಮೂರನೆಯವರು ಇರಬಾರದು. ಆದರೆ ಆ ಕೋಣೆಯಲ್ಲಿ ಬೇರೆ ಜಾಗವಿರಲಿಲ್ಲ.

ಸೂರ್ಯ ಕಾರ್ಖಾನೆಯ ಹೊಗೆಗೊಳವೆಯ ಹಿಂದೆ ಹೋಗುವ ಹೊತ್ತಿಗೆ ಕಾವಲುಗಾರ ಬಂದ. ಕೈಯಲ್ಲಿ ಹೊಸ ಬೀಗ. ಬಾಗಿಲ ಹೊರಗೆ ನಿಂತು ಕೆಮ್ಮಿದ. ನಮ್ಮ ಮುಖ ನೋಡಲಿಲ್ಲ.

"ಸಾಮಾನು ಹೊರಗೆ ಇಟ್ಕೊಳ್ಳಿ ಅಕ್ಕಾ," ಎಂದ. "ನಾನೇನು ಮಾಡ್ಲಿ. ನಂಗೂ ಕೋಣೆ ಕೊಟ್ಟಿದ್ದಾರೆ."

ಸಾಮಾನು ಎಂದರೆ ಎರಡು ಚಾಪೆ, ಪಾತ್ರೆ, ನನ್ನ ಪುಸ್ತಕಗಳು. ಯಾವುದನ್ನೂ ನಾವು ಮುಟ್ಟಿರಲಿಲ್ಲ.

"ನಿಂಗೇನು ಹೇಳಿದ್ದಾರೆ?" ಎಂದು ಅಣ್ಣ ಕೇಳಿದ.

"ಬೀಗ ಹಾಕು ಅಂತ."

"ಹಾಕು."

ಕಾವಲುಗಾರನಿಗೆ ಅರ್ಥವಾಗಲಿಲ್ಲ. ಬೀಗ ನೋಡಿದ, ಅಣ್ಣನನ್ನು ನೋಡಿದ, ಅಣ್ಣನ ಕಾಲಿಲ್ಲದ ಜಾಗ ನೋಡಿದ.

"ನೀವು ಒಳಗಿದ್ದೀರಲ್ಲ."

"ನಾವು ಒಳಗೇ ಇರ್ತೀವಿ. ನೀನು ಹಾಕು. ನಿಂಗೆ ಹೇಳಿದ ಕೆಲಸ ನೀನು ಮಾಡು. ಬೆಳಿಗ್ಗೆ ತೆಗೆಯೋಕೆ ಮ್ಯಾನೇಜರೇ ಬರಲಿ. ನಾವು ಬದುಕಿದ್ದೀವೋ ಸತ್ತಿದ್ದೀವೋ, ಬಾಗಿಲು ತೆಗೆದು ಅವರೇ ನೋಡಲಿ."

ಅತ್ತಿಗೆ ಹೊರಗೆ ಒಣಗಲು ಹಾಕಿದ್ದ ಸೌದೆಯನ್ನು ಅಪ್ಪಿಕೊಂಡು ಒಳಗೆ ಬಂದಳು. ನಾನು ಕೊಡ ತುಂಬಿಸಿಕೊಂಡು ಬಂದೆ. ಕಾವಲುಗಾರ ಅಲ್ಲಿಯವರೆಗೂ ಕಾದ. ಆಮೇಲೆ ಬಾಗಿಲನ್ನು ತನ್ನ ಕಡೆಗೆ ಎಳೆದುಕೊಂಡ. ಕೋಣೆ ಕತ್ತಲಾಯಿತು. ಚಿಲಕ ಕಿರುಗುಟ್ಟಿತು. ಬೀಗ ಕಚ್ಚಿಕೊಂಡ ಸದ್ದು. ಅವನ ಹೆಜ್ಜೆ ದೂರವಾಯಿತು.

ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಬೇರೆ ಹೆಜ್ಜೆಗಳು. ಒಂದಲ್ಲ, ಹಲವು. ನಮ್ಮ ಬಾಗಿಲ ಮುಂದೆ ಬಂದು ನಿಂತವು. ಮಾತಿಲ್ಲ. ಯಾರ ಕೈಯಲ್ಲೋ ಇದ್ದ ಕಬ್ಬಿಣ ಕಲ್ಲಿಗೆ ತಗಲಿತು. ನಮ್ಮವರೋ, ಅವರ ಕಡೆಯವರೋ, ಕಿಟಕಿಯಿಂದ ಕಾಣಿಸಲಿಲ್ಲ. ಅಣ್ಣ ಊರುಗೋಲನ್ನು ಹತ್ತಿರ ಎಳೆದುಕೊಂಡ.

ಅತ್ತಿಗೆ ಅನ್ನಕ್ಕೆಂದು ಒಲೆ ಹಚ್ಚಿದಳು.